ವೀಸಾ ಫೈಲಿನಲ್ಲಿ ಇಲ್ಲದ ಕೆಲಸ: ವಿದೇಶಕ್ಕೆ ಓದಲು ಹೊರಡುವ ಮುನ್ನ ಮನಸ್ಸನ್ನು ತಯಾರು ಮಾಡಿಕೊಳ್ಳುವುದು ಹೇಗೆ?

ವಿದೇಶಕ್ಕೆ ಓದಲು ಹೊರಟವರಿಗೆ ಪಟ್ಟಿಗಳಿಗೇನೂ ಬರವಿಲ್ಲ. ಮಾರ್ಕ್ಸ್ ಕಾರ್ಡ್, ಶಿಫಾರಸು ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್, ಫೋಟೋ... ಯಾರನ್ನು ಕೇಳಿದರೂ ಒಂದು ಪಟ್ಟಿ ಕೊಡುತ್ತಾರೆ. ಆದರೆ ಅಡ್ಮಿಷನ್ ಮೇಲ್ ಬಂದ ಮಾರನೇ ದಿನವೇ ಹೊಟ್ಟೆಯಲ್ಲಿ ಏನೋ ಸಂಕಟ ಶುರುವಾದರೆ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. "ಖುಷಿ ಪಡೋದು ಬಿಟ್ಟು ಇದೇನು ನಿಂದು" ಅಂತಾರೆ, ಅಷ್ಟೇ.

ಹೀಗೆ ಹೊರಟು ನಿಂತ ವಿದ್ಯಾರ್ಥಿಗಳ ಜೊತೆ ಮಾತಾಡುತ್ತಾ ಬಂದ ನನಗೆ ಒಂದು ವಿಷಯ ಖಾತ್ರಿಯಾಗಿದೆ. ನಾವು ಭಯ ಅನ್ನುವುದರಲ್ಲಿ ಜಾಸ್ತಿ ಪಾಲು ಯಾರನ್ನೂ ಕೇಳದೆ ಒಳಗೇ ಇಟ್ಟುಕೊಂಡ ಪ್ರಶ್ನೆಗಳು. ಸರಿಯಾದವರನ್ನು ಕೇಳಿದರೆ ಅವು ಕರಗುತ್ತವೆ. ಆಮೇಲೆ ಉಳಿಯುವುದು ಅಗಲಿಕೆಯ ಬೇಸರ. ಅದನ್ನು ಪರಿಹರಿಸಲು ಹೋಗಬಾರದು, ಅದಕ್ಕೆ ಸಮಯ ಕೊಡಬೇಕು. ಎರಡೂ ಕಲಸಿಕೊಂಡಾಗಲೇ ನಿದ್ದೆ ಕೆಡುವುದು. ಕೆಳಗಿನ ಹಂತಗಳೆಲ್ಲ ಇವೆರಡನ್ನೂ ಬಿಡಿಸಿಕೊಳ್ಳುವುದಕ್ಕಾಗಿಯೇ.

ಹಂತ 1: ಹೆದರಿಕೆಗಳನ್ನೆಲ್ಲ ಕಾಗದದ ಮೇಲೆ ಹಾಕಿ

ಒಂದು ಹಾಳೆ ತಗೊಳ್ಳಿ. ಮಧ್ಯದಲ್ಲಿ ಗೆರೆ ಎಳೆಯಿರಿ. ಎಡಗಡೆ ತಲೆಯಲ್ಲಿ ಸುತ್ತುತ್ತಿರುವುದನ್ನೆಲ್ಲ ಬರೆಯಿರಿ. ಚಂದವಾಗಿ ಬರೆಯಬೇಕಿಲ್ಲ. "ದುಡ್ಡು ಸಾಕಾಗುತ್ತಾ", "ಅವರ ಇಂಗ್ಲಿಷ್ ಅರ್ಥ ಆಗುತ್ತಾ", "ರೂಮ್‌ಮೇಟ್ ಹೇಗಿರ್ತಾರೋ", "ನಾನು ವಾಪಸ್ ಬರುವಷ್ಟರಲ್ಲಿ ಅಜ್ಜಿ ಇರ್ತಾರಾ"... ಹೀಗೆ ಬಂದದ್ದು ಬಂದ ಹಾಗೆ.

ಈಗ ಬಲಗಡೆ ಒಂದೊಂದರ ಎದುರಿಗೂ ಇದನ್ನು ಯಾರನ್ನು ಕೇಳಬಹುದು ಅಂತ ಬರೆಯಿರಿ. ಒಬ್ಬ ವ್ಯಕ್ತಿಯ ಹೆಸರೋ, ಒಂದು ಕಚೇರಿಯೋ, ಒಂದು ವೆಬ್‌ಸೈಟೋ ಹೊಳೆದರೆ ಅದು ಕೆಲಸ. ಏನೂ ಹೊಳೆಯದಿದ್ದರೆ ಅದು ಭಾವನೆ. ಅಜ್ಜಿಯ ಪ್ರಶ್ನೆಗೆ ಬಲಗಡೆ ಬರೆಯಲು ಏನೂ ಇರುವುದಿಲ್ಲ. ಅದನ್ನು ಹಾಗೇ ಖಾಲಿ ಬಿಡಿ, ಅದಕ್ಕೆ ಆಮೇಲೆ ಬರೋಣ.

ದುಡ್ಡಿನ ಪ್ರಶ್ನೆ ನೋಡಿ. ಕತ್ತಲಲ್ಲಿ ಮಲಗಿ ಯೋಚಿಸಿದರೆ ಅದಕ್ಕೆ ತಳವೇ ಸಿಗುವುದಿಲ್ಲ. ಆದರೆ ಅದಕ್ಕೆ ಲೆಕ್ಕ ಇದೆ, ಅದೂ ಬರಹದಲ್ಲಿ ಇದೆ. ಅಮೆರಿಕದ ವಿಶ್ವವಿದ್ಯಾಲಯ ಕಳಿಸುವ ಐ-20 ಎಂಬ ಫಾರ್ಮಿನಲ್ಲೇ ಫೀಸು, ವಸತಿ-ಊಟದ ಖರ್ಚು, ಬೇರೆ ಖರ್ಚು ಅಂತ ಅಂದಾಜು ಹಾಕಿರುತ್ತಾರೆ. ಜರ್ಮನಿಗೆ ಹೋಗುವವರು ಸಾಮಾನ್ಯವಾಗಿ ಬ್ಲಾಕ್ಡ್ ಅಕೌಂಟ್ (ತಿಂಗಳಿಗೆ ಇಷ್ಟೇ ಅಂತ ಮಾತ್ರ ದುಡ್ಡು ತೆಗೆಯಲು ಬರುವ ಖಾತೆ) ತೆರೆದು ಒಂದು ವರ್ಷದ ಖರ್ಚನ್ನು ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೋಗೆ, ಅಂದರೆ ತಿಂಗಳಿಗೆ 992 ಯೂರೋಗೆ ಏರಿತು. ಅರ್ಜಿ ಹಾಕುವ ಹೊತ್ತಿಗೆ ಎಷ್ಟಿದೆ ಅಂತ ರಾಯಭಾರ ಕಚೇರಿಯ ಪುಟದಲ್ಲಿ ಮತ್ತೊಮ್ಮೆ ನೋಡಿ. ಅದು ಆರಾಮಾಗಿ ಬದುಕುವ ಮೊತ್ತ ಅಂದುಕೊಳ್ಳಬೇಡಿ. ಸರ್ಕಾರದ ಕಣ್ಣಿನಲ್ಲಿ ಒಬ್ಬ ವಿದ್ಯಾರ್ಥಿಗೆ ಕನಿಷ್ಠ ಇಷ್ಟು ಬೇಕು ಅಂತ. ಬಾಡಿಗೆ ಜಾಸ್ತಿ ಇರುವ ನಗರವಾದರೆ ಬಿಗಿಯಾಗುತ್ತದೆ. ಆದರೂ ತಳ ಇಲ್ಲದ ಭಯದ ಜಾಗದಲ್ಲಿ ಒಂದು ಸಂಖ್ಯೆ ಬಂತಲ್ಲ, ಅದೇ ದೊಡ್ಡ ಸಮಾಧಾನ.

ಈ ಹಾಳೆಯನ್ನು ಬಿಸಾಡಬೇಡಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಉತ್ತರ ಸಿಕ್ಕಿದ್ದನ್ನು ಹೊಡೆದುಹಾಕಿ.

ಹಂತ 2: ಕಾಯುವ ದಿನಗಳಿಗೆ ಒಂದು ಕಟ್ಟು ಹಾಕಿಕೊಳ್ಳಿ

ಅರ್ಜಿ ಹಾಕುವಾಗ ಕೆಲಸ ಇರುತ್ತದೆ, ಭಯಕ್ಕೆ ಪುರುಸೊತ್ತಿರುವುದಿಲ್ಲ. ಅರ್ಜಿ ಹಾಕಿ ಮುಗಿಸಿದ ಮೇಲಿನ ತಿಂಗಳುಗಳೇ ಕಷ್ಟ. ಎದ್ದ ಕೂಡಲೇ ಮೇಲ್, ಕ್ಲಾಸಿನಲ್ಲಿ ಮೇಲ್, ಊಟದ ಮಧ್ಯೆ ಮೇಲ್. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿದೆಯೇನೋ ಅಂತ ಮತ್ತೊಮ್ಮೆ.

ವಿಶ್ವವಿದ್ಯಾಲಯದವರು ಅವರ ಕಚೇರಿಯ ವೇಳೆಯಲ್ಲಿ ಕೆಲಸ ಮಾಡುತ್ತಾರೆ. ಆ ವೇಳೆ ನಿಮ್ಮ ಗಡಿಯಾರದಲ್ಲಿ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಲೆಕ್ಕ ಹಾಕಿ, ಅದಾದ ಮೇಲೆ ದಿನಕ್ಕೆ ಒಂದೇ ಸಲ ನೋಡಿ. ಉಳಿದ ಹೊತ್ತು ನೋಟಿಫಿಕೇಷನ್ ಆಫ್. ಮೊದಲ ವಾರ ಕೈ ತುರಿಸುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಇನ್ನು ವಾಟ್ಸಾಪ್ ಗ್ರೂಪುಗಳು. ಒಂದೇ ಕೋರ್ಸಿಗೆ ಅರ್ಜಿ ಹಾಕಿದ ನೂರಾರು ಜನ ಇರುವ ಗ್ರೂಪಿನಲ್ಲಿ ಮಾಹಿತಿ ಸಿಗುತ್ತದೆ, ನಿಜ. ಆದರೆ ಅಡ್ಮಿಷನ್ ಸಿಕ್ಕವರು ತಕ್ಷಣ ಹೇಳುತ್ತಾರೆ, ಸಿಗದವರು ಸುಮ್ನೆ ಇದ್ದುಬಿಡುತ್ತಾರೆ. ಹಾಗಾಗಿ ಅಲ್ಲಿ ಎಲ್ಲರಿಗೂ ಸಿಕ್ಕಿದೆ, ನಿಮಗೊಬ್ಬರಿಗೇ ಇಲ್ಲ ಅನ್ನಿಸುತ್ತದೆ. ಫಲಿತಾಂಶ ಬರುವ ತಿಂಗಳುಗಳಲ್ಲಿ ಗ್ರೂಪ್ ಮ್ಯೂಟ್ ಮಾಡಿ. ವೀಸಾ ಹಂತಕ್ಕೆ ಬಂದಾಗ ಮತ್ತೆ ತೆರೆಯಿರಿ, ಆಗ ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

"ಈ ವರ್ಷ ಆಗದಿದ್ದರೆ ಎಲ್ಲಾ ಮುಗೀತು" ಅನ್ನುವ ಮಾತು ಈ ದಿನಗಳಲ್ಲಿ ಜಾಸ್ತಿ ಕಾಡುತ್ತದೆ. ಅದು ಹಾಗಿಲ್ಲ. ಐಇಎಲ್‌ಟಿಎಸ್ ಮತ್ತು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಳ ಅಂಕಗಳು 2 ವರ್ಷ ನಡೆಯುತ್ತವೆ, ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯದ್ದು 5 ವರ್ಷ. ಒಂದು ವರ್ಷ ತಡವಾದರೆ ಆ ದುಡ್ಡು, ಆ ಓದು ನೀರುಪಾಲಾಗುವುದಿಲ್ಲ. ಸಿಕ್ಕ ಸೀಟನ್ನು ಮುಂದಿನ ವರ್ಷಕ್ಕೆ ತಳ್ಳಲೂ ಅನೇಕ ಕಡೆ ಬಿಡುತ್ತಾರೆ. ಆದರೆ ಸ್ಕಾಲರ್‌ಶಿಪ್ ಕೂಡ ಜೊತೆಗೆ ಮುಂದೆ ಹೋಗುತ್ತದಾ ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಕೆಲವು ಸಲ ಒತ್ತಡ ಅತ್ತ ಕಡೆಯಿಂದಲೂ ಬರುತ್ತದೆ. "ಬೇಗ ಒಪ್ಪಿಗೆ ಹೇಳಿ" ಅಂತ ಮೇಲ್ ಬರುತ್ತದೆ, ಬೇರೆ ಕಡೆಯ ಉತ್ತರ ಇನ್ನೂ ಬಂದಿರುವುದಿಲ್ಲ. ಅಮೆರಿಕದಲ್ಲಿ ಸ್ನಾತಕೋತ್ತರ ಶಿಕ್ಷಣ ಸಂಸ್ಥೆಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಹಣಕಾಸು ನೆರವಿನ ಆಫರ್‌ಗೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ. ಇದು ಗೊತ್ತಿಲ್ಲದೆ ಫೆಬ್ರವರಿಯಲ್ಲೇ ಗಾಬರಿಯಿಂದ ಹೂಂ ಅಂದುಬಿಡುವವರಿದ್ದಾರೆ.

ಹಂತ 3: "ನಾನು ಇದಕ್ಕೆ ಲಾಯಕ್ಕಾ?" ಅನ್ನಿಸಿದಾಗ

ಅಡ್ಮಿಷನ್ ಬಂದ ಮೇಲೆ ಬರುವ ವಿಚಿತ್ರ ಭಯ ಇದು. ಎಲ್ಲೋ ತಪ್ಪಾಗಿ ನನ್ನನ್ನು ಆರಿಸಿದ್ದಾರೆ, ಹೋದ ಮೇಲೆ ಬಣ್ಣ ಬಯಲಾಗುತ್ತದೆ ಅನ್ನಿಸುವುದು. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞೆಯರು ಇದನ್ನೇ ಇಂಪೋಸ್ಟರ್ ಫಿನಾಮಿನನ್ ಅಂತ ಕರೆದು ಬರೆದರು. ಅವರು ಮಾತಾಡಿಸಿದ್ದು ಡಿಗ್ರಿ, ಮನ್ನಣೆ, ಕೆಲಸ ಎಲ್ಲಾ ಇದ್ದ 150ಕ್ಕೂ ಹೆಚ್ಚು ಮಹಿಳೆಯರನ್ನು. ಅಷ್ಟೆಲ್ಲ ಇದ್ದರೂ ತಾವು ಬೇರೆಯವರಿಗೆ ಮೋಸ ಮಾಡಿದ್ದೇವೆ ಅನ್ನುವ ಭಾವನೆ ಅವರಿಗೆ ಹೋಗಿರಲಿಲ್ಲ. ಅಂದರೆ ಈ ಭಾವನೆಗೂ ಯೋಗ್ಯತೆಗೂ ಸಂಬಂಧ ಕಡಿಮೆ.

"ನೀನು ಬುದ್ಧಿವಂತೆ ಕಣೇ, ಹೆದರ್ಬೇಡ" ಅಂತ ಗೆಳತಿ ಹೇಳಿದರೆ ಅದು ಹತ್ತು ನಿಮಿಷ ನಿಲ್ಲುತ್ತದೆ. ನನ್ನ ಪ್ರಕಾರ ಹೊಗಳಿಕೆಗಿಂತ ಪಠ್ಯಕ್ರಮ ಒಳ್ಳೆಯ ಮದ್ದು. ಮೊದಲ ಸೆಮಿಸ್ಟರ್‌ನ ಒಂದು ವಿಷಯ ಆರಿಸಿ. ಆ ಕೋರ್ಸಿನ ಹಳೆಯ ಸಿಲೆಬಸ್ ವಿಭಾಗದ ಪುಟದಲ್ಲಿ ಸಿಗುತ್ತದಾ ಹುಡುಕಿ. ಮೊದಲ ಎರಡು ವಾರದ ಓದನ್ನು ಈಗಲೇ ಓದಲು ಶುರುಮಾಡಿ. ಅರ್ಥವಾಗದ್ದನ್ನು ಗುರುತು ಹಾಕಿ. "ನನಗೆ ಏನೂ ಬರಲ್ಲ" ಅನ್ನುವುದು ಆಗ "ನನಗೆ ಈ ಮೂರು ವಿಷಯ ಬರಲ್ಲ" ಅಂತ ಚಿಕ್ಕದಾಗುತ್ತದೆ. ಮೂರು ವಿಷಯ ಕಲಿಯಲು ರಜೆ ಸಾಕು.

ಉಚ್ಚಾರಣೆಯ ಭಯಕ್ಕೂ ಇದೇ ದಾರಿ. ಎಂಐಟಿಯವರ ಓಪನ್‌ಕೋರ್ಸ್‌ವೇರ್‌ನಲ್ಲಿ ನಿಜವಾದ ತರಗತಿಗಳ ವಿಡಿಯೋಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯದ್ದೇ ಒಂದನ್ನು ಸಬ್‌ಟೈಟಲ್ ಇಲ್ಲದೆ, ವೇಗ ಕಡಿಮೆ ಮಾಡದೆ ಕೇಳಿ, ನೋಟ್ಸ್ ಬರೆಯಿರಿ. ಆಮೇಲೆ ಸಬ್‌ಟೈಟಲ್ ಹಾಕಿ ತಾಳೆ ನೋಡಿ. ಸಿನಿಮಾ ನೋಡಿ ಇಂಗ್ಲಿಷ್ ಸುಧಾರಿಸಿಕೊಳ್ಳುತ್ತೇನೆ ಅನ್ನುವುದು ಬೇರೆ, ಪ್ರೊಫೆಸರ್ ಬೋರ್ಡ್ ಕಡೆ ಮುಖ ಮಾಡಿ ಗೊಣಗುವುದನ್ನು ಹಿಡಿಯುವುದು ಬೇರೆ.

ಹಂತ 4: ಮನೆಯಲ್ಲಿ ದುಡ್ಡಿನ ಮಾತು ಒಮ್ಮೆ ಪೂರ್ತಿ ಆಡಿ ಮುಗಿಸಿ

ಹೊರಡುವ ವಿದ್ಯಾರ್ಥಿಗಳ ಎದೆಯಲ್ಲಿ ಎಲ್ಲಕ್ಕಿಂತ ಭಾರವಾಗಿ ಕೂತಿರುವುದು ಇದು. ಒಂಟಿತನಕ್ಕಿಂತ, ಪರೀಕ್ಷೆಗಿಂತ ಜಾಸ್ತಿ. ಅಪ್ಪ ಅಮ್ಮ ತಮಗಾಗಿ ಕೂಡಿಟ್ಟದ್ದನ್ನು ನಾನು ಖಾಲಿ ಮಾಡುತ್ತಿದ್ದೇನೆ, ನನ್ನ ಹೆಸರಲ್ಲಿ ಸಾಲ ಏರುತ್ತಿದೆ ಅನ್ನುವ ತಪ್ಪಿತಸ್ಥ ಭಾವನೆ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಅದರ ಬದಲು ಮನೆಯಲ್ಲಿ ಚಿಕ್ಕಚಿಕ್ಕದಕ್ಕೆ ಸಿಡುಕುತ್ತಾರೆ. ಹೊಸ ಜಾಕೆಟ್ ಬೇಡ ಅಂತಾರೆ. ಟಿಕೆಟ್ ಬೆಲೆ ಕೇಳಿ ಮುಖ ಕೆಡಿಸಿಕೊಳ್ಳುತ್ತಾರೆ.

ಒಂದು ದಿನ ಗೊತ್ತುಮಾಡಿ ಕೂತು ಮಾತಾಡಿ. ಟಿವಿ ಆಫ್. ಕೈಯಲ್ಲಿ ಕಾಗದ ಇರಲಿ. ಪೂರ್ತಿ ಕೋರ್ಸಿಗೆ ಒಟ್ಟು ಎಷ್ಟು, ಸಾಲ ಎಷ್ಟು, ಕಂತು ಯಾವ ತಿಂಗಳಿಂದ ಶುರು, ಓದು ಮುಗಿದು ಆರು ತಿಂಗಳು ಕೆಲಸ ಸಿಗದಿದ್ದರೆ ಕಂತು ಯಾರು ಕಟ್ಟುವುದು... ಈ ಕೊನೆಯ ಪ್ರಶ್ನೆಯನ್ನೇ ಎಲ್ಲರೂ ತಪ್ಪಿಸುವುದು. ಅಪಶಕುನ ಆಡಬೇಡ ಅಂತ ಬಾಯಿ ಮುಚ್ಚಿಸಲೂಬಹುದು. ಆಗ ಹೀಗೆ ಶುರು ಮಾಡಿ ನೋಡಿ:

"ಅಪ್ಪಾ, ಕೆಲಸ ಸಿಗಲ್ಲ ಅಂತ ಹೇಳ್ತಿಲ್ಲ ನಾನು. ಆದ್ರೆ ತಡ ಆದ್ರೆ ಏನು ಮಾಡೋದು ಅಂತ ಈಗಲೇ ಒಂದು ಮಾತು ಇದ್ರೆ ಅಲ್ಲಿ ನಾನು ನೆಮ್ಮದಿಯಾಗಿ ಓದ್ತೀನಿ. ನೀವು ಎಷ್ಟು ತಿಂಗಳು ಕಟ್ಟಬಲ್ಲಿರಿ? ಸುಮ್ನೆ ಧೈರ್ಯಕ್ಕೆ ಹೇಳ್ಬೇಡಿ, ನಿಜ ಹೇಳಿ."

ನಿಮ್ಮ ಕಡೆಯಿಂದ ದೊಡ್ಡ ದೊಡ್ಡ ಭರವಸೆ ಕೊಡಬೇಡಿ. "ಪಾರ್ಟ್ ಟೈಮ್ ಮಾಡಿ ಫೀಸ್ ನಾನೇ ಕಟ್ಕೋತೀನಿ" ಅನ್ನುವುದು ಕೇಳಲು ಚೆನ್ನಾಗಿದೆ, ಆದರೆ ಕಾನೂನು ಅಷ್ಟು ದುಡಿಯಲು ಬಿಡುವುದಿಲ್ಲ. ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯವರೆಗೆ ಮಾತ್ರ ಕೆಲಸ ಮಾಡಬಹುದು. ಬ್ರಿಟನ್‌ನಲ್ಲಿ ಡಿಗ್ರಿ ಓದುವವರಿಗೂ ಟರ್ಮ್ ನಡೆಯುವಾಗ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಯೇ ಮಿತಿ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ. ಜರ್ಮನಿಯಲ್ಲಿ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಇದರಲ್ಲಿ ದಿನಸಿ, ಫೋನ್ ಬಿಲ್ಲು, ಬಾಡಿಗೆಯ ಒಂದಷ್ಟು ಪಾಲು ಹೊರಡಬಹುದು. ಫೀಸನ್ನು ಇದರ ಮೇಲೆ ಕಟ್ಟಿ ಲೆಕ್ಕ ಹಾಕಬೇಡಿ. ಕೊಟ್ಟ ಮಾತು ಉಳಿಸಿಕೊಳ್ಳಲಾಗದೆ ಕೊರಗುವುದು ಸಾಲಕ್ಕಿಂತ ಕೆಟ್ಟದ್ದು.

ಇದೇ ಕೂತಲ್ಲಿ ಇನ್ನೊಂದು ಪ್ರಶ್ನೆಯೂ ಬರುತ್ತದೆ, ಅಮ್ಮನ ಕಡೆಯಿಂದ: "ಓದು ಮುಗಿಸಿ ವಾಪಸ್ ಬರ್ತೀಯಾ?" ಅದಕ್ಕೆ ಹೌದು ಅಂತಲೋ ಇಲ್ಲ ಅಂತಲೋ ಹೇಳಲೇಬೇಕು ಅಂತ ನಿಮಗನ್ನಿಸುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಗೊತ್ತಿರುವುದನ್ನು ಗಟ್ಟಿಯಾಗಿ ಹೇಳಿ: ಮೊದಲ ರಜೆಗೆ ಬರುತ್ತೀರಾ, ಯಾವಾಗ, ಟಿಕೆಟ್ ದುಡ್ಡು ಆ ಒಟ್ಟು ಲೆಕ್ಕದಲ್ಲಿ ಸೇರಿದೆಯಾ. ಮನೆಯವರಿಗೆ ಐದು ವರ್ಷದ ಆಚಿನ ಮಾತಿಗಿಂತ ಮುಂದಿನ ರಜೆಯ ತಿಂಗಳು ಜಾಸ್ತಿ ಬೇಕು.

ಹಂತ 5: ವೀಸಾ ಸಂದರ್ಶನ

ಇದರ ಬಗ್ಗೆ ಸುಮ್ಮನೆ ಜಾಸ್ತಿ ಬರೆಯುವುದಿಲ್ಲ, ಏಕೆಂದರೆ ಎಲ್ಲರೂ ಇದನ್ನೇ ಬರೆಯುತ್ತಾರೆ. ಅಮೆರಿಕದ ವೀಸಾ ಸಂದರ್ಶನ ಅಂದರೆ ಕೋಣೆಯಲ್ಲಿ ಕೂರಿಸಿ ವಿಚಾರಣೆ ಮಾಡುವುದಲ್ಲ. ಗಾಜಿನ ಕಿಟಕಿ, ಈಚೆ ನಿಂತ ನೀವು, ಕೆಲವೇ ನಿಮಿಷ. ಯಾಕೆ ಈ ಕೋರ್ಸ್, ಯಾರು ಖರ್ಚು ನೋಡಿಕೊಳ್ಳುತ್ತಾರೆ, ಮುಗಿದ ಮೇಲೆ ಏನು ಯೋಚನೆ: ಈ ಮೂರಕ್ಕೆ ಎರಡೆರಡು ವಾಕ್ಯದ ಉತ್ತರ ನಿಮ್ಮ ಮಾತಿನಲ್ಲೇ ಇರಲಿ. ಕನ್ನಡಿಯ ಮುಂದೆ ಬೇಡ, ಒಬ್ಬ ಮನುಷ್ಯನ ಮುಂದೆ ನಿಂತು ಗಟ್ಟಿಯಾಗಿ ಹೇಳಿ. ಬಾಯಿಪಾಠ ಮಾಡಬೇಡಿ. ಬಾಯಿಪಾಠ ಮಾಡಿದ್ದು ಮಧ್ಯದಲ್ಲಿ ಮರೆತರೆ ಮುಂದಿನದ್ದೂ ಹೋಗುತ್ತದೆ.

ಕೈ ನಡುಗಿದರೆ ಉಸಿರು ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಬಿಡಿ, ನಾಲ್ಕೈದು ಸಲ.

ನಿರಾಕರಿಸಿದರೆ? ಅಲ್ಲಿನ ಕಾನೂನಿನ 214(ಬಿ) ಕಲಂ ಪ್ರಕಾರ, ಅರ್ಜಿ ಹಾಕಿದವರು ಅಲ್ಲೇ ನೆಲೆಸಲು ಬರುತ್ತಿದ್ದಾರೆ ಅಂತಲೇ ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ ಅಂತ ತೋರಿಸುವ ಭಾರ ನಿಮ್ಮ ಮೇಲೆ. ಆ ಕೆಲವು ನಿಮಿಷದಲ್ಲಿ ಅದು ಆಗಲಿಲ್ಲ ಅಂತಷ್ಟೇ ಅದರ ಅರ್ಥ. ಮತ್ತೆ ಅರ್ಜಿ ಹಾಕಬಹುದು. ಆ ದಿನ ಮಾತ್ರ ಯಾರ ಫೋನೂ ಎತ್ತಬೇಡಿ. "ಏನಾಯ್ತು, ಏನಾಯ್ತು" ಅನ್ನುವವರಿಗೆಲ್ಲ ಉತ್ತರ ಕೊಡುವ ಕೆಲಸ ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ.

ಹಂತ 6: "ಹೋಗೋದೇ ಬೇಡ" ಅನ್ನಿಸಿದರೆ

ವೀಸಾ ಕೈಗೆ ಬಂದ ಮೇಲೂ ಇದು ಬರುತ್ತದೆ. ಬಂದರೆ ಹೆದರಬೇಡಿ, ಹಾಗಂತ ತಳ್ಳಿಹಾಕಲೂಬೇಡಿ. ಬೇಡ ಅನ್ನಿಸುತ್ತಿರುವುದು ಯಾವುದು ಅಂತ ಕೇಳಿಕೊಳ್ಳಿ. ಈ ಕೋರ್ಸ್ ಬೇಡವಾ? ಈ ವರ್ಷ ಬೇಡವಾ? ಈ ದೇಶ ಬೇಡವಾ? ಅಥವಾ ಹೊರಡುವ ಆ ದಿನ ಬೇಡವಾ? ಕೊನೆಯದೇ ಆದರೆ ಅದು ಅಗಲಿಕೆಯ ಬೇಸರ, ಹೊರಟ ಮೇಲೆ ಇಳಿಯುತ್ತದೆ. ಕೋರ್ಸೇ ಬೇಡ ಅನ್ನಿಸುತ್ತಿದ್ದರೆ, ಅದೂ ಚೆನ್ನಾಗಿ ನಿದ್ದೆ ಮಾಡಿ ಎದ್ದ ಬೆಳಗ್ಗೆಗಳಲ್ಲೂ ಹಾಗೇ ಅನ್ನಿಸುತ್ತಿದ್ದರೆ, ಅದನ್ನು ಮನೆಯಲ್ಲಿ ಹೇಳಲೇಬೇಕು. ಫೀಸು ವಾಪಸ್ ಸಿಗುವ ಕೊನೆಯ ದಿನ ಯಾವುದು ಅಂತ ನೋಡಿಕೊಂಡು ಅದಕ್ಕೆ ಮೊದಲು ಹೇಳಿ. ಎಲ್ಲರಿಗೂ ಗೊತ್ತಾಗಿದೆ, ಈಗ ಹಿಂದೆ ಸರಿದರೆ ಮರ್ಯಾದೆ ಹೋಗುತ್ತೆ ಅನ್ನುವ ಒಂದೇ ಕಾರಣಕ್ಕೆ ವಿಮಾನ ಹತ್ತಬೇಡಿ.

ಹಂತ 7: ಕೊನೆಯ ತಿಂಗಳನ್ನು ಶಾಪಿಂಗ್‌ಗೆ ಬಿಟ್ಟುಕೊಡಬೇಡಿ

ಕೊನೆಯ ತಿಂಗಳಲ್ಲಿ ಮನೆಯಲ್ಲಿ ಜಗಳ ಜಾಸ್ತಿ ಆಗುತ್ತದೆ. ಸೂಟ್‌ಕೇಸಿನ ಹತ್ತಿರ ಶುರುವಾಗುತ್ತದೆ. ಅನೇಕ ಏರ್‌ಲೈನ್ಸ್‌ಗಳಲ್ಲಿ ಒಂದು ಚೆಕ್-ಇನ್ ಬ್ಯಾಗಿಗೆ 23 ಕಿಲೋ ಮಿತಿ. ತೂಕದ ಮೆಷಿನ್ ಮೇಲೆ ಇಟ್ಟರೆ 24.6 ತೋರಿಸುತ್ತದೆ. ನೀವು ಒಂದು ಕಂಬಳಿ ತೆಗೆದು ಹೊರಗಿಡುತ್ತೀರಿ. ನೀವು ಆಚೆ ಹೋದಾಗ ಅಮ್ಮ ಅದನ್ನು ಮಡಿಸಿ ಮತ್ತೆ ಒಳಗೆ ಸೇರಿಸುತ್ತಾರೆ, ಬಟ್ಟೆಗಳ ಅಡಿಯಲ್ಲಿ. ಮತ್ತೆ ತೂಕ, ಮತ್ತೆ 24.6. "ಅಲ್ಲಿ ಎಲ್ಲಾ ಸಿಗುತ್ತಮ್ಮಾ!" ಅಂತ ನೀವು ಕೂಗುತ್ತೀರಿ. ಅಮ್ಮ ಅಡುಗೆಮನೆಗೆ ಹೋಗಿಬಿಡುತ್ತಾರೆ. ಇಬ್ಬರಿಗೂ ಗೊತ್ತು ಇದು ಕಂಬಳಿಯ ಜಗಳ ಅಲ್ಲ ಅಂತ.

ಆ ಕಂಬಳಿ ಹೋಗಲಿ ಬಿಡಿ. ಎರಡು ಪುಸ್ತಕ ತೆಗೆದುಹಾಕಿ.

ಕಾಗದದಲ್ಲಿ ಖಾಲಿ ಬಿಟ್ಟ ಸಾಲುಗಳ ಕೆಲಸ ಈ ತಿಂಗಳದ್ದು. ನಿಮಗೆ ನಿಜವಾಗಿ ಬೇಕಾದ ಆರೇಳು ಜನರ ಹೆಸರು ಬರೆದು, ಒಬ್ಬೊಬ್ಬರ ಜೊತೆ ಒಂದೊಂದು ಪೂರ್ತಿ ಸಂಜೆ ಇಟ್ಟುಕೊಳ್ಳಿ. ಬೀಳ್ಕೊಡುಗೆ ಪಾರ್ಟಿಯಲ್ಲಿ ನಲವತ್ತು ಜನರ ಜೊತೆ ಫೋಟೋ ಬರುತ್ತದೆ, ಒಬ್ಬರ ಜೊತೆಯೂ ಮಾತು ಆಗುವುದಿಲ್ಲ. ಕೆಲವು ಸ್ನೇಹಿತರು ಈ ಹೊತ್ತಿಗೆ ದೂರ ದೂರ ಆಗುತ್ತಾರೆ, ಮೆಸೇಜಿಗೆ ಉತ್ತರ ತಡವಾಗುತ್ತದೆ. ಕೋಪ ಮಾಡಿಕೊಳ್ಳಬೇಡಿ. ನೀವು ಹೋಗುವವರು, ನಿಮಗೆ ಹೊಸದೆಲ್ಲ ಕಾದಿದೆ. ಅವರಿಗೆ ಅದೇ ಬೆಂಚು, ಅದೇ ಬಸ್ಸು, ನಿಮ್ಮ ಜಾಗ ಖಾಲಿ.

ಅಜ್ಜಿಯ ವಿಷಯಕ್ಕೆ ಬರೋಣ ಅಂದಿದ್ದೆನಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಎರಡು ಕೆಲಸ ಮಾಡಿ. ಒಂದು, ಅವರ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. "ಏನಾದ್ರೂ ಹೇಳಿ ಅಜ್ಜಿ" ಅಂದರೆ ಅವರು ನಾಚಿಕೊಳ್ಳುತ್ತಾರೆ. "ನೀವು ಮೊದಲ ಸಲ ಊರು ಬಿಟ್ಟು ಹೊರಟಾಗ ಎಷ್ಟು ವರ್ಷ, ಯಾರು ಜೊತೆ ಬಂದಿದ್ರು?" ಅಂತ ಕೇಳಿ ನೋಡಿ, ಒಂದು ಗಂಟೆ ಬೇಕಾಗುತ್ತದೆ. ಎರಡು, ವಿಡಿಯೋ ಕಾಲ್ ಎತ್ತುವುದನ್ನು ಅವರ ಕೈಯಲ್ಲೇ ಮಾಡಿಸಿ. ನೀವು ಪಕ್ಕದ ಕೋಣೆಗೆ ಹೋಗಿ ಕರೆ ಮಾಡಿ, ಅವರೇ ಎತ್ತಬೇಕು. ದಿನಾ ಒಂದು ಸಲ. ಮೊದಮೊದಲು ಹಣೆ ಮಾತ್ರ ಕಾಣುತ್ತದೆ, ಇಲ್ಲವೇ ಸೀಲಿಂಗ್ ಫ್ಯಾನ್. ಹೊರಡುವ ಹೊತ್ತಿಗೆ ಮುಖ ಪೂರ್ತಿ ಬರುತ್ತದೆ. ಬೇರೆಯವರು ಫೋನ್ ಹಿಡಿದುಕೊಂಡು ಕೊಡುವವರೆಗೆ ಕಾಯಬೇಕಾದರೆ ಅವರ ಜೊತೆಗಿನ ಮಾತು ವಾರಕ್ಕೊಂದಾಗಿ, ತಿಂಗಳಿಗೊಂದಾಗಿ ಇಳಿದುಹೋಗುತ್ತದೆ.

ಪ್ರೀತಿಸುವವರಿದ್ದರೆ, ಏನೂ ಬದಲಾಗಲ್ಲ ಅಂತ ಆಣೆ ಹಾಕುವುದಕ್ಕಿಂತ ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಮಾತಾಡುತ್ತೀರಿ ಅಂತ ತೀರ್ಮಾನಿಸಿ.

ಹಂತ 8: ಮೊದಲ ತಿಂಗಳ ಯೋಜನೆ ಇಲ್ಲಿಂದಲೇ

ಮನೆಯ ನೆನಪು ಬಲಹೀನರಿಗೆ ಬರುವುದು ಅಂತ ಅಂದುಕೊಂಡಿದ್ದರೆ ಇದನ್ನು ಕೇಳಿ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್ ತನ್ನ ಪ್ರಬಂಧವನ್ನು ಮನೆಯ ಹಂಬಲದಿಂದ ಬರುವ ಕಾಯಿಲೆಯ ಬಗ್ಗೆಯೇ ಬರೆದ. ಅದರಲ್ಲಿ ಬರ್ನ್‌ನಿಂದ ಬಾಸೆಲ್‌ಗೆ ಬಂದಿದ್ದ ಒಬ್ಬ ವಿದ್ಯಾರ್ಥಿಯ ಕತೆ ಇದೆ. ಜ್ವರ ಹಿಡಿದು ಇನ್ನೇನು ಉಳಿಯುವುದಿಲ್ಲ ಅನ್ನುವಾಗ ಅವನನ್ನು ಊರಿಗೆ ಕಳಿಸಲು ನಿರ್ಧರಿಸಿದರು. ದಾರಿಯಲ್ಲೇ ಅವನು ಚೇತರಿಸಿಕೊಂಡ. ಬರ್ನ್‌ಗೂ ಬಾಸೆಲ್‌ಗೂ ಸುಮಾರು 100 ಕಿಲೋಮೀಟರ್ ದೂರ, ಅಷ್ಟೇ. ನೀವು ಸಮುದ್ರ ದಾಟಿ ಹೋಗುತ್ತಿದ್ದೀರಿ.

ಇದು ಯಾವಾಗ ಜಾಸ್ತಿ ಕಾಡುತ್ತದೆ? 1955ರಲ್ಲಿ ಸ್ವೆರ್ರೆ ಲಿಸ್ಗಾರ್ಡ್ ಎಂಬ ನಾರ್ವೆಯ ಸಂಶೋಧಕ ಅಮೆರಿಕಕ್ಕೆ ಹೋಗಿಬಂದಿದ್ದ ಫುಲ್‌ಬ್ರೈಟ್ ಎಂಬ ಅಮೆರಿಕದ ವಿದ್ಯಾರ್ಥಿವೇತನ ಪಡೆದ 200 ನಾರ್ವೇಜಿಯನ್ನರನ್ನು ಮಾತಾಡಿಸಿ ಒಂದು ಲೇಖನ ಬರೆದ. 6 ತಿಂಗಳಿಗಿಂತ ಕಡಿಮೆ ಇದ್ದವರು, 18 ತಿಂಗಳಿಗಿಂತ ಜಾಸ್ತಿ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನ ಅವಧಿಯವರಿಗೆ ಕಷ್ಟವಾಗಿತ್ತು. ಆಮೇಲಿನ ಅಧ್ಯಯನಗಳಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಮೊದಲ ದಿನಗಳೇ ಎಲ್ಲಕ್ಕಿಂತ ಕಷ್ಟ ಅಂತ ಕಂಡುಬಂತು. ಹಾಗಾಗಿ "ಮೊದಲ ವಾರವೇ ಅಳು ಬಂತು, ನನ್ನ ಕತೆ ಮುಗೀತು" ಅಂತಲೂ ಬೇಡ, "ಮೊದಲ ತಿಂಗಳು ಆರಾಮಾಗಿದ್ದೆ, ಗೆದ್ದೆ" ಅಂತಲೂ ಬೇಡ. ಬೇಸರ ತನ್ನದೇ ಸಮಯಕ್ಕೆ ಬರುತ್ತದೆ.

ಉತ್ತರದ ದೇಶಗಳಿಗೆ ಹೋಗುವವರು ಚಳಿಯನ್ನು ಎಣಿಸುತ್ತಾರೆ, ಕತ್ತಲನ್ನು ಎಣಿಸುವುದಿಲ್ಲ. ಡಿಸೆಂಬರ್ ಕೊನೆಗೆ ಲಂಡನ್‌ನಲ್ಲಿ ಹಗಲು 8 ಗಂಟೆಗೂ ಕಡಿಮೆ, ಸ್ಟಾಕ್‌ಹೋಮ್‌ನಲ್ಲಿ ಸುಮಾರು 6 ಗಂಟೆ. ಲೈಬ್ರರಿಯಿಂದ ಮಧ್ಯಾಹ್ನ ನಾಲ್ಕಕ್ಕೆ ಹೊರಬಂದರೆ ರಾತ್ರಿ. ಆ ತಿಂಗಳುಗಳಲ್ಲಿ ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯುವುದನ್ನು ಟೈಮ್‌ಟೇಬಲ್‌ಗೆ ಈಗಲೇ ಬರೆದಿಡಿ.

ಮನೆಗೆ ಫೋನ್ ಮಾಡುವ ವೇಳೆಯನ್ನೂ ಈಗಲೇ ಗೊತ್ತುಮಾಡಿ. ಬೇಜಾರಾದಾಗಲೆಲ್ಲ ಮಾಡುವ ಕರೆ ಮೊದಮೊದಲು ಹಿತ, ಆಮೇಲೆ ಅಲ್ಲಿ ಬೇರು ಬಿಡಲು ಬಿಡುವುದಿಲ್ಲ. ಗಡಿಯಾರದ ವಿಷಯ ಮನೆಯವರಿಗೆ ಮೊದಲೇ ಹೇಳಿ: ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಸರಿಯುತ್ತದೆ. ಇಲ್ಲದಿದ್ದರೆ ಒಂದು ಭಾನುವಾರ ಕರೆ ಬರಲಿಲ್ಲ ಅಂತ ಅಮ್ಮ ಗಾಬರಿಯಾಗುತ್ತಾರೆ.

ಜೆಟ್‌ಲ್ಯಾಗ್ ಇಳಿಯಲು ಒಂದು ಟೈಮ್‌ಜೋನಿಗೆ ಹೆಚ್ಚುಕಡಿಮೆ ಒಂದು ದಿನ ಅಂತ ಲೆಕ್ಕ. ಆ ದಿನಗಳಲ್ಲಿ ರಾತ್ರಿ ಮೂರಕ್ಕೆ ಎಚ್ಚರವಾಗಿ ಬರುವ ಯಾವ ಯೋಚನೆಯನ್ನೂ ತೀರ್ಮಾನ ಅಂತ ತಗೋಬೇಡಿ.

ಈಗಾಗಲೇ ಆತಂಕಕ್ಕೋ ಖಿನ್ನತೆಗೋ ಚಿಕಿತ್ಸೆಯಲ್ಲಿದ್ದರೆ ಹೊಸ ಜಾಗ, ಹೊಸ ಜೀವನ ಅಂತ ಮಾತ್ರೆ ನಿಲ್ಲಿಸಬೇಡಿ. ವೈದ್ಯರ ಪತ್ರ, ಔಷಧಿಯ ಜೆನೆರಿಕ್ ಹೆಸರಿರುವ ಚೀಟಿ ಜೊತೆಗಿರಲಿ. ಆ ದೇಶದಲ್ಲಿ ಅದಕ್ಕೆ ಅನುಮತಿ ಇದೆಯಾ ಅಂತ ನೋಡಿ. ಉದಾಹರಣೆಗೆ ಏಕಾಗ್ರತೆಯ ತೊಂದರೆಗೆ ಕೊಡುವ ಅಡೆರಾಲ್ ಅನ್ನು ಜಪಾನಿಗೆ ಒಯ್ಯುವಂತೆಯೇ ಇಲ್ಲ. ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಪಡೆಯುವುದು ಹೇಗೆ ಅಂತ ಇಲ್ಲಿಂದಲೇ ಮೇಲ್ ಮಾಡಿ ಕೇಳಿ.

ಹೊರಡುವ ಮೊದಲೇ ಆಗಲಿ, ಹೋದ ಮೇಲೇ ಆಗಲಿ, ಎರಡು ವಾರ ನಿದ್ದೆ ಊಟ ಎರಡೂ ಕೆಟ್ಟಿದ್ದರೆ ಅದು ಬರೀ ಹೊರಡುವ ಗಾಬರಿ ಇರಲಾರದು. ವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಅಲ್ಲ, ಎರಡು ಗಂಟೆಯೂ ಕಾಯಬೇಡಿ. ಪಕ್ಕದಲ್ಲಿರುವವರಿಗೆ ಹೇಳಿ, ಸಹಾಯವಾಣಿಗೆ ಕರೆ ಮಾಡಿ. ಅಮೆರಿಕ ಮತ್ತು ಕೆನಡಾದಲ್ಲಿ 988, ಬ್ರಿಟನ್‌ನಲ್ಲಿ ಸಮಾರಿಟನ್ಸ್‌ನ 116 123, ಆಸ್ಟ್ರೇಲಿಯಾದಲ್ಲಿ ಲೈಫ್‌ಲೈನ್‌ನ 13 11 14. ಹೋಗುವ ದೇಶದ ಸಂಖ್ಯೆಯನ್ನು ವಿಮಾನ ಹತ್ತುವ ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ಹೊರಡುವ ದಿನ

ಪಾಸ್‌ಪೋರ್ಟ್, ಅಡ್ಮಿಷನ್ ಪತ್ರ, ಹಣಕಾಸಿನ ಕಾಗದ, ಔಷಧಿ, ಪವರ್ ಬ್ಯಾಂಕ್ ಎಲ್ಲಾ ಕೈಚೀಲದಲ್ಲಿ, ಚೆಕ್-ಇನ್ ಬ್ಯಾಗಿನಲ್ಲಿ ಬೇಡ. ವಿಮಾನ ನಿಲ್ದಾಣಕ್ಕೆ ಯಾರ್ಯಾರು ಬರುತ್ತಾರೆ ಅಂತ ಹಿಂದಿನ ದಿನವೇ ತೀರ್ಮಾನವಾಗಲಿ, ಕಡಿಮೆ ಇದ್ದಷ್ಟೂ ಒಳ್ಳೆಯದು. ಅಳು ಬಂದರೆ ಅತ್ತುಬಿಡಿ, ಅಪ್ಪನೂ ಅಳಬಹುದು. ಆದರೆ ಗೇಟಿನ ಹತ್ತಿರ ಉಪದೇಶದ ಮಾತುಗಳಿಗೆ ಕೂರಬೇಡಿ, ಅವೆಲ್ಲ ಮನೆಯಲ್ಲೇ ಮುಗಿದಿರಲಿ. ಇಳಿದ ಮೇಲೆ ಇಮಿಗ್ರೇಷನ್ ಸಾಲು ಉದ್ದ ಇರಬಹುದು, ವೈಫೈ ಸಿಗದಿರಬಹುದು, ಇಳಿದು ಮೂರು ಗಂಟೆಯವರೆಗೆ ಮೆಸೇಜ್ ಬರದಿದ್ದರೂ ಗಾಬರಿ ಬೇಡ ಅಂತ ಮನೆಯವರಿಗೆ ಹೇಳಿ ಹೊರಡಿ. ಆಮೇಲೆ ಸಿಗ್ನಲ್ ಸಿಕ್ಕ ಕೂಡಲೇ "ತಲುಪಿದೆ" ಅಂತ ಒಂದು ಮೆಸೇಜ್ ಹಾಕಿ. ರೂಮು, ಹವೆ, ಪಕ್ಕದ ಸೀಟಿನವರ ಕತೆಯೆಲ್ಲ ನಿದ್ದೆ ಮಾಡಿ ಎದ್ದ ಮೇಲೆ ಹೇಳಿದರಾಯಿತು.